90 ದಿನದ ಲೀಚ್ ಟೆಸ್ಟ್ ಪಾಸಾದ ಸಿಮೆಂಟ್ 300 ವರ್ಷ ಬಾಳುತ್ತದೆ ಅಂತ ಹೇಗೆ ನಂಬುವುದು?

ಹೊಸ ಅಚ್ಚು

ಎಲ್ಲರಿಗೂ ನಮಸ್ಕಾರ. ಸಿಮೆಂಟಿನಲ್ಲಿ ಗಟ್ಟಿ ಮಾಡಿದ ವಿಕಿರಣಶೀಲ ತ್ಯಾಜ್ಯ ಎಷ್ಟು ಬಾಳುತ್ತದೆ ಅಂತ ಪರೀಕ್ಷೆ ಮಾಡುವುದು ನನ್ನ ಸಂಶೋಧನೆ. ಶುರು ಮಾಡಿ ಏಳು ತಿಂಗಳಾಯಿತು. ನಿಜವಾದ ತ್ಯಾಜ್ಯವನ್ನು ಇನ್ನೂ ಮುಟ್ಟಿಲ್ಲ. ವಿಕಿರಣ ಇಲ್ಲದ ಮಾಮೂಲಿ ಸೀಸಿಯಂ ನೈಟ್ರೇಟ್ ಕಲಸಿ, 5 ಸೆಂ.ಮೀ. ಅಡ್ಡಳತೆ, 10 ಸೆಂ.ಮೀ. ಎತ್ತರದ ಸಿಲಿಂಡರ್‌ಗಳನ್ನು ಮಾಡಿಕೊಂಡಿದ್ದೇನೆ.

ಮೊದಲ ಬ್ಯಾಚ್ ಸಿಮೆಂಟ್, ನೀರು, ಸೀಸಿಯಂ ಹಿಡಿದಿಟ್ಟುಕೊಳ್ಳುವ ಜಿಯೋಲೈಟ್ ಖನಿಜ ಸ್ವಲ್ಪ. 28 ದಿನ ಕ್ಯೂರಿಂಗ್ ಆದ ಮೇಲೆ ಪ್ರೆಸ್ಸಿಗೆ ಕೊಟ್ಟರೆ 20 ಮೆಗಾಪ್ಯಾಸ್ಕಲ್ ದಾಟಿತು. ಬೇಕಿದ್ದದ್ದು ಬರೀ 3.44. ಎಎನ್‌ಎಸ್ 16.1 ಅನ್ನುವ ಅಮೆರಿಕದ ಮಾನದಂಡದ ಪ್ರಕಾರ 90 ದಿನ ಲೀಚ್ ಟೆಸ್ಟ್, ಅಂದರೆ ನೀರಲ್ಲಿ ಮುಳುಗಿಸಿಟ್ಟು ಎಷ್ಟು ಸೋರುತ್ತದೆ ಅಂತ ನೋಡುವ ಪರೀಕ್ಷೆ, ಮಾಡಿದೆ. ಸೀಸಿಯಂಗೆ ಲೀಚ್ ಇಂಡೆಕ್ಸ್ (ಜಾಸ್ತಿ ಇದ್ದಷ್ಟೂ ಸೋರಿಕೆ ಕಡಿಮೆ) 9 ಬಂತು. ಬೇಕಿದ್ದದ್ದು 6. ಗೈಡ್ ಖುಷಿಯಾದರು.

ಎರಡನೇ ಬ್ಯಾಚಿಗೆ ಒಣಗಿಸಿದ ಅಯಾನ್ ಎಕ್ಸ್‌ಚೇಂಜ್ ರೆಸಿನ್ ಮಣಿಗಳನ್ನು (ರಿಯಾಕ್ಟರಿನ ನೀರು ಶುದ್ಧ ಮಾಡಲು ಬಳಸುವಂಥವು) ಸೇರಿಸಿದ್ದೆ. ಅಚ್ಚಿನಿಂದ ತೆಗೆದಾಗ ಚೆನ್ನಾಗಿಯೇ ಇತ್ತು, ಒತ್ತಡದಲ್ಲೂ ಪಾಸಾಯಿತು. ನೀರಿಗೆ ಇಳಿಸಿದ ನಾಲ್ಕನೇ ದಿನ ಕೂದಲೆಳೆಯಷ್ಟು ಬಿರುಕು. ಹನ್ನೊಂದನೇ ದಿನ ಬೆಳಿಗ್ಗೆ ನೋಡಿದರೆ ಪಕ್ಕದಿಂದ ಒಂದು ಹೋಳು ಕಳಚಿ ಬಿದ್ದಿತ್ತು. ಒಡೆದ ಜಾಗದಲ್ಲಿ ಮಣಿಗಳು ದಾಳಿಂಬೆ ಕಾಳಿನ ಹಾಗೆ ಉಬ್ಬಿಕೊಂಡು ಕಾಣುತ್ತಿದ್ದವು. ಆ ಬ್ಯಾಚ್ ಕೆಟ್ಟಿದೆ ಅಂತ ಪಕ್ಕಕ್ಕಿಟ್ಟಿದ್ದೇನೆ.

ನನ್ನ ಪ್ರಶ್ನೆ ಮೊದಲನೆಯದರ ಬಗ್ಗೆ. 90 ದಿನ ನೋಡಿ 300 ವರ್ಷದ ಮಾತು ಆಡುತ್ತೇವಲ್ಲ, ಇದಕ್ಕೆ ಆಧಾರ ಏನು? ವೈವಾದಲ್ಲಿ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ನೀರು ಬದಲಿಸುವವ

ಮೇಡಂ, ಈ ಟೆಸ್ಟಿಗಾಗಿ ನೀರು ಬದಲಿಸುತ್ತಾ ನನಗೆ ಹದಿನೈದು ವರ್ಷ ಆಯಿತು. ಗೊತ್ತಿರುವಷ್ಟು ಹೇಳುತ್ತೇನೆ.

16.1 ಪರೀಕ್ಷೆ 300 ವರ್ಷದ ಭವಿಷ್ಯ ಹೇಳುವುದಕ್ಕೆ ಹುಟ್ಟಿದ್ದೇ ಅಲ್ಲ. ಒಂದು ಪಾಕವನ್ನು ಇನ್ನೊಂದು ಪಾಕದ ಜೊತೆ ಹೋಲಿಸುವುದಕ್ಕೆ ಹುಟ್ಟಿದ್ದು. ಅದಕ್ಕೇ ಎಲ್ಲವನ್ನೂ ಕಟ್ಟಿಹಾಕಿದ್ದಾರೆ. ನೀರು ಅಯಾನ್ ತೆಗೆದ ಶುದ್ಧ ನೀರೇ ಆಗಬೇಕು. ಮಾದರಿಯ ಮೈ ಒಂದು ಚದರ ಸೆಂ.ಮೀ. ಇದ್ದರೆ ನೀರು 10 ಘನ ಸೆಂ.ಮೀ. ಇರಬೇಕು. ನಿಮ್ಮ ಸಿಲಿಂಡರಿಗೆ ಅದು ಪ್ರತಿ ಸಲ ಹತ್ತಿರ ಎರಡು ಲೀಟರ್. 2 ಗಂಟೆಗೆ, 7 ಗಂಟೆಗೆ, 24 ಗಂಟೆಗೆ ಬದಲಿಸಿ, ಆಮೇಲೆ ಐದನೇ ದಿನದ ತನಕ ದಿನಕ್ಕೊಂದು ಸಲ, ನಂತರ 19, 47, 90ನೇ ದಿನ. ಏಳನೇ ಗಂಟೆಯ ನೀರು ಬದಲಿಸಲು ಎಷ್ಟು ಸಂಜೆ ಮನೆಗೆ ತಡವಾಗಿ ಹೋಗಿದ್ದೇನೋ ಲೆಕ್ಕವಿಲ್ಲ.

ಶುರುವಿನಲ್ಲಿ ಬೇಗ ಬೇಗ ಬದಲಿಸುವುದಕ್ಕೆ ಕಾರಣ ಇದೆ. ಮೊದಲು ಹೊರಗೆ ಬರುವುದು ಮೈಮೇಲೆ ಅಂಟಿಕೊಂಡಿದ್ದದ್ದು. ಅದು ತೊಳೆದು ಹೋಗುವುದು ಅಷ್ಟೆ. ಆಮೇಲೆ ಬರುವುದು ಸಣ್ಣ ರಂಧ್ರಗಳ ಒಳಗಿನಿಂದ ನಿಧಾನಕ್ಕೆ ದಾರಿ ಹುಡುಕಿಕೊಂಡು ಬಂದದ್ದು. ನಮಗೆ ಬೇಕಿರುವುದು ಈ ಎರಡನೆಯದರ ವೇಗ. ಆ ಡಿಫ್ಯೂಷನ್ ಅಂಕಿಯ ಲಾಗರಿದಮ್ ತೆಗೆದು, ಮೈನಸ್ ಚಿಹ್ನೆ ಬಿಟ್ಟರೆ ಇಂಡೆಕ್ಸ್. ಇಂಡೆಕ್ಸ್ ಒಂದು ಅಂಕ ಏರಿದರೆ ಆ ಡಿಫ್ಯೂಷನ್ ಅಂಕಿ ಹತ್ತು ಪಟ್ಟು ಕಡಿಮೆ.

ಒಂದು ಮಾತು ಕೇಳಲೇಬೇಕು. ನೀರಿನ ಮೇಲೆ ತೆಳ್ಳಗೆ ಬಿಳಿ ಕೆನೆ ಕಟ್ಟುತ್ತಿತ್ತಾ? ಕಟ್ಟುತ್ತಿದ್ದರೆ ಮುಚ್ಚಳ ಸರಿಯಾಗಿ ಕೂತಿಲ್ಲ. ಸಿಮೆಂಟಿನಿಂದ ಬಂದ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಕಟ್ಟುವ ಕೆನೆ ಅದು. ಅದೇ ಮಾದರಿಯ ಮೈಮೇಲೂ ಕೂತು ರಂಧ್ರ ಮುಚ್ಚುತ್ತದೆ. ಆಗ ಇಂಡೆಕ್ಸ್ ಇರುವುದಕ್ಕಿಂತ ಚೆನ್ನಾಗಿ ಬರುತ್ತದೆ.

ಹೊಸ ಅಚ್ಚು

ಅಯ್ಯೋ, ಕಟ್ಟುತ್ತಿತ್ತು ಸರ್. 47ನೇ ದಿನ ಜಾಸ್ತಿಯೇ ಇತ್ತು. ನಾನು ಧೂಳು ಅಂದುಕೊಂಡಿದ್ದೆ.

ನೀರು ಬದಲಿಸುವವ

ಎಲ್ಲರೂ ಮೊದಲ ಸಲ ಹಾಗೇ ಅಂದುಕೊಳ್ಳುವುದು. ಪ್ರಬಂಧದಲ್ಲಿ ಬರೆದುಬಿಡಿ, ಮುಚ್ಚಿಡಬೇಡಿ.

ಸುಮ್ನೆ ಓದುಗ

ನಾನು ಈ ಕ್ಷೇತ್ರದವನಲ್ಲ, ಕುತೂಹಲಕ್ಕೆ ಓದುತ್ತಿದ್ದೇನೆ. 300 ವರ್ಷ ಅನ್ನುವ ಲೆಕ್ಕ ಎಲ್ಲಿಂದ ಬಂತು? ಮತ್ತೆ, ಇಷ್ಟು ಅಪಾಯದ ವಸ್ತುವನ್ನು ಗಾಜಿನಲ್ಲಿ ಕರಗಿಸಿ ಇಡುತ್ತಾರೆ ಅಂತ ಎಲ್ಲೋ ಓದಿದ್ದೆ. ಸಿಮೆಂಟ್ ಯಾಕೆ?

ಲೆಕ್ಕದ ಪುಸ್ತಕ

ಗಾಜು ಇರುವುದು ಹೆಚ್ಚು ತೀವ್ರತೆಯ ತ್ಯಾಜ್ಯಕ್ಕೆ, ಅಂದರೆ ಬಳಸಿದ ಇಂಧನವನ್ನು ಮರುಸಂಸ್ಕರಣೆ ಮಾಡಿದಾಗ ಉಳಿಯುವ ದ್ರವಕ್ಕೆ. ಇಲ್ಲಿ ಮಾತಾಡುತ್ತಿರುವುದು ಕಡಿಮೆ ಮತ್ತು ಮಧ್ಯಮ ತೀವ್ರತೆಯದ್ದು. ರಿಯಾಕ್ಟರಿನ ನೀರು ಶುದ್ಧ ಮಾಡಿದ ರೆಸಿನ್, ಆವಿ ಮಾಡಿ ಉಳಿದ ಗಟ್ಟಿ ದ್ರವ, ಕೆಸರು. ಇದರ ಗಾತ್ರ ಜಾಸ್ತಿ. ಸಿಮೆಂಟ್ ಅಗ್ಗ, ಕುಲುಮೆ ಬೇಡ, ನೀರಿರುವ ತ್ಯಾಜ್ಯವನ್ನು ಹಾಗೇ ಕಲಸಬಹುದು. ಜೊತೆಗೆ ಸಿಮೆಂಟಿನ ಒಳಗಿನ ನೀರಿನ ಪಿಎಚ್ 12.5ರ ಮೇಲೆ. ಅಷ್ಟು ಕ್ಷಾರದಲ್ಲಿ ಪ್ಲುಟೋನಿಯಂನಂಥ ಭಾರದ ಧಾತುಗಳು ಕರಗುವುದೇ ಕಷ್ಟ.

300 ವರ್ಷ ಬಂದದ್ದು ಅರ್ಧಾಯುಷ್ಯದಿಂದ. ಸೀಸಿಯಂ-137ಕ್ಕೆ ಸುಮಾರು 30 ವರ್ಷ, ಸ್ಟ್ರಾನ್ಷಿಯಂ-90ಕ್ಕೆ 29ರ ಹತ್ತಿರ. 300 ವರ್ಷ ಅಂದರೆ ಹತ್ತು ಸಲ ಅರ್ಧ ಮಾಡಿದ ಹಾಗೆ, 1024ರಲ್ಲಿ ಒಂದು ಪಾಲು ಉಳಿಯುತ್ತದೆ. ಅಮೆರಿಕದ ಅಣು ನಿಯಂತ್ರಣ ಆಯೋಗದ 1982ರ ನಿಯಮದಲ್ಲೂ, ಫ್ರಾನ್ಸಿನ ಓಬ್ ವಿಲೇವಾರಿ ಕೇಂದ್ರದಲ್ಲೂ ಕಾಣುವುದು ಇದೇ 300.

ಈಗ ಮೇಡಂ ಪ್ರಶ್ನೆಗೆ ಬರುತ್ತೇನೆ. ಅಂಕಿ ಇಟ್ಟು ನೋಡೋಣ, ಸುಮ್ನೆ ಮಾತು ಬೇಡ. ಇಂಡೆಕ್ಸ್ 9 ಅಂದರೆ ನಿಮ್ಮ ಪುಟ್ಟ ಸಿಲಿಂಡರಿನಿಂದ 90 ದಿನದಲ್ಲಿ ನೂರಕ್ಕೆ ಸುಮಾರು 10ರಷ್ಟು ಸೀಸಿಯಂ ಹೊರಗೆ ಬಂದಿರಬೇಕು. ಸರಿನಾ?

ಹೊಸ ಅಚ್ಚು

ಹೌದು! ನೂರಕ್ಕೆ 9.6 ಬಂದಿದೆ.

ಲೆಕ್ಕದ ಪುಸ್ತಕ

ಸರಿ. ಅದೇ ಪಾಕವನ್ನು 200 ಲೀಟರ್ ಡ್ರಮ್ಮಿಗೆ ತುಂಬಿ. ಅಡ್ಡಳತೆ ಸುಮಾರು 57 ಸೆಂ.ಮೀ., ಎತ್ತರ ಸುಮಾರು 85. ಗಾತ್ರಕ್ಕೆ ಹೋಲಿಸಿದರೆ ಡ್ರಮ್ಮಿನ ಮೈ ನಿಮ್ಮ ಸಿಲಿಂಡರಿನ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಹಾಗಾಗಿ 90 ದಿನದಲ್ಲಿ ಡ್ರಮ್ಮಿನಿಂದ ಹೋಗುವುದು ನೂರಕ್ಕೆ ಒಂದರಷ್ಟೂ ಇಲ್ಲ. ಸೋರಿಕೆ ಕಾಲದ ವರ್ಗಮೂಲಕ್ಕೆ ತಕ್ಕ ಹಾಗೆ ಏರುತ್ತದೆ. ನೂರು ಪಟ್ಟು ಕಾಲ, ಅಂದರೆ ಹತ್ತಿರ ಹತ್ತಿರ 25 ವರ್ಷ ಆದರೂ ಹತ್ತು ಪಟ್ಟು ಮಾತ್ರ, ನೂರಕ್ಕೆ 9. ಅಷ್ಟರಲ್ಲಿ ಸೀಸಿಯಂ ಒಳಗೇ ಕ್ಷಯಿಸುತ್ತಲೂ ಇರುತ್ತದೆ. ಅದನ್ನೂ ಸೇರಿಸಿದರೆ, ಎಷ್ಟೇ ಕಾಲ ಕಾದರೂ ಒಟ್ಟು ಹೊರಗೆ ಬರುವುದು ಶುರುವಿನಲ್ಲಿ ಇದ್ದದ್ದರಲ್ಲಿ ನೂರಕ್ಕೆ 11. ಇದು ಡ್ರಮ್ಮಿನ ತಗಡು ಇಲ್ಲ, ಕಟ್ಟಡ ಇಲ್ಲ, ಮೊದಲ ದಿನದಿಂದಲೇ ಶುದ್ಧ ನೀರಲ್ಲಿ ಮುಳುಗಿದೆ ಅಂತ ಇಟ್ಟುಕೊಂಡ ಲೆಕ್ಕ. ನಿಜದಲ್ಲಿ ಇದಕ್ಕಿಂತ ತುಂಬಾ ಕಡಿಮೆ.

ಈಗ ಅದೇ ಡ್ರಮ್ಮಿನ ಒಳಗಿನ ಸಿಮೆಂಟ್ ಒಡೆದು, ನಿಮ್ಮ ಸಿಲಿಂಡರಿನಷ್ಟು ದೊಡ್ಡ ಚೂರುಗಳಾಯಿತು ಅಂದುಕೊಳ್ಳಿ. ಪಾಕ ಅದೇ, ಇಂಡೆಕ್ಸ್ ಅದೇ 9. ಒಟ್ಟು ಸೋರಿಕೆ 11ರಿಂದ ಮೂರನೇ ಎರಡು ಭಾಗದ ಮೇಲಕ್ಕೆ ಹಾರುತ್ತದೆ.

ಹಾಗಾಗಿ ನೀವು ಪಕ್ಕಕ್ಕಿಟ್ಟ ಎರಡನೇ ಬ್ಯಾಚ್ ಇದೆಯಲ್ಲ, ಕೆಟ್ಟದ್ದು ಅಂದಿರಲ್ಲ, ನನಗೆ ಅದರಲ್ಲೇ ಆಸಕ್ತಿ. ಇಂಡೆಕ್ಸ್ 8 ಬಂತಾ 9 ಬಂತಾ ಅನ್ನುವುದಕ್ಕಿಂತ, ಒಂದೇ ತುಂಡಾಗಿ ಉಳಿಯುತ್ತದಾ ಅನ್ನುವುದು ದೊಡ್ಡ ಪ್ರಶ್ನೆ.

ಸುಮ್ನೆ ಓದುಗ

ಹಾಗಾದರೆ 6ಕ್ಕೇ ಪಾಸ್ ಮಾಡುವುದು ಅಂದರೆ?

ಲೆಕ್ಕದ ಪುಸ್ತಕ

ಸರಿಯಾಗಿ ಹಿಡಿದಿರಿ. 6 ಬಂದ ಸಿಲಿಂಡರ್ ಒಂದೇ ವಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಕಳೆದುಕೊಂಡಿರುತ್ತದೆ. 90 ದಿನಕ್ಕೆ ಒಳಗೆ ಏನೂ ಉಳಿದಿರುವುದಿಲ್ಲ. ಆದರೂ ಪಾಸ್! ಅದು ಬಾಗಿಲಲ್ಲಿ ನಿಂತ ಕಾವಲುಗಾರ ಅಷ್ಟೆ, ತೀರಾ ಕೆಟ್ಟದ್ದನ್ನು ತಡೆಯುತ್ತದೆ. ನಿಜವಾದ ಸುರಕ್ಷತೆಯ ಲೆಕ್ಕ ಇಡೀ ವಿಲೇವಾರಿ ಜಾಗದ್ದು. ಕಟ್ಟಡ, ಮೇಲಿನ ಹೊದಿಕೆ, ಕೆಳಗಿನ ಮಣ್ಣು ಎಲ್ಲಾ ಸೇರಿ.

ಡ್ರಮ್ ಕಾವಲು

ಲೆಕ್ಕದ ಪುಸ್ತಕ ಸರ್ ಹೇಳಿದ್ದು ಸರಿ. ಆದರೆ "ಅದೇ ಪಾಕವನ್ನು ಡ್ರಮ್ಮಿಗೆ ತುಂಬಿ" ಅಂತ ಒಂದು ಸಾಲಿನಲ್ಲಿ ದಾಟಿಬಿಟ್ಟರು. ಆ ಸಾಲಿನಲ್ಲೇ ನನ್ನ ಅರ್ಧ ಕೆಲಸದ ಜೀವನ ಕಳೆದಿದೆ.

ಬೀಕರಿನಲ್ಲಿ ಕಲಸಿದ್ದು ಬೇರೆ, ಡ್ರಮ್ಮಿನಲ್ಲಿ ಕಲಸಿದ್ದು ಬೇರೆ. ಸಿಮೆಂಟ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಪುಟ್ಟ ಸಿಲಿಂಡರಿನ ಬಿಸಿ ಆಗಿಂದಾಗ್ಗೆ ಗಾಳಿಗೆ ಹೋಗುತ್ತದೆ. ಡ್ರಮ್ಮಿನ ನಡುವಿನ ಬಿಸಿಗೆ ಹೋಗಲು ದಾರಿಯಿಲ್ಲ. ನಡುವೆ ಬಿಸಿ, ಅಂಚಿನಲ್ಲಿ ತಂಪು. ಬಿರುಕಿಗೆ ಇಷ್ಟು ಸಾಕು.

ಒಮ್ಮೆ ವಿಕಿರಣ ಇಲ್ಲದ ನಕಲಿ ತ್ಯಾಜ್ಯ ತುಂಬಿದ ಡ್ರಮ್ಮನ್ನು ನಡುವೆ ಗರಗಸದಿಂದ ಕೊಯ್ದು ನೋಡಿದೆವು. ಪೇಪರಿನಲ್ಲಿ ಎಲ್ಲಾ ಪರೀಕ್ಷೆ ಪಾಸಾದ ಪಾಕ. ತಳದಲ್ಲಿ ಒಂದು ಗೇಣು ಎತ್ತರಕ್ಕೆ ಕಲಸಿಯೇ ಇರಲಿಲ್ಲ, ಕಲಸುವ ರೆಕ್ಕೆ ಅಲ್ಲಿಗೆ ತಲುಪಿರಲಿಲ್ಲ. ಒಣ ಪುಡಿ ಹಾಗೇ ಬುಳುಬುಳು ಅಂತ ಸುರಿಯಿತು. ಮೇಲ್ಭಾಗದಲ್ಲಿ ರೆಸಿನ್ ತೇಲಿಬಂದು ಒಂದು ಪದರವೇ ಆಗಿತ್ತು. ಯಾವ ಜಾಗ ಅಂತ ಕೇಳಬೇಡಿ. ಪುಣ್ಯಕ್ಕೆ ಅದು ನಕಲಿ. ಅವತ್ತಿನಿಂದ ನಾನು ಇಂಡೆಕ್ಸ್ ಕೇಳುವ ಮೊದಲು, "ಕೊಯ್ದು ನೋಡಿದಿರಾ?" ಅಂತ ಕೇಳುತ್ತೇನೆ.

ಮೇಡಂ, ನಿಮ್ಮ ರೆಸಿನ್ ಬಗ್ಗೆ. ಒಣಗಿಸಿ ಹಾಕಿದ್ದೇ ತಪ್ಪು. ಒಣ ಮಣಿ ಕುಗ್ಗಿರುತ್ತದೆ. ಸಿಮೆಂಟ್ ಅದರ ಸುತ್ತ ಗಟ್ಟಿಯಾಗುತ್ತದೆ. ಆಮೇಲೆ ನೀರು ಸಿಕ್ಕಾಗ ನೆನೆಸಿದ ಕಡಲೆಯ ಹಾಗೆ ಉಬ್ಬುತ್ತದೆ. ಜಾಗ ಎಲ್ಲಿದೆ? ಒಡೆಯಲೇಬೇಕು. ಮೊದಲೇ ಚೆನ್ನಾಗಿ ನೀರು ಕುಡಿಸಿ ಹಾಕಿ, ರೆಸಿನ್ ಪ್ರಮಾಣ ಕಡಿಮೆ ಮಾಡಿ, ಸ್ಲ್ಯಾಗ್ (ಕಬ್ಬಿಣದ ಕುಲುಮೆಯಲ್ಲಿ ಉಳಿಯುವ ಕಿಟ್ಟ) ಬೆರೆತ ಸಿಮೆಂಟ್ ಬಳಸಿ ನೋಡಿ. ಸ್ಲ್ಯಾಗಿನಿಂದ ಬಿಸಿಯೂ ಕಡಿಮೆಯಾಗುತ್ತದೆ.

ಬೋರೇಟ್ ಇರುವ ತ್ಯಾಜ್ಯ ಮುಟ್ಟುವ ಯೋಚನೆ ಇದ್ದರೆ ಈಗಲೇ ಹೇಳಿಬಿಡುತ್ತೇನೆ, ಅದು ಸಿಮೆಂಟನ್ನು ಸೆಟ್ ಆಗಲು ಬಿಡುವುದಿಲ್ಲ. ಸುಣ್ಣ ಹಾಕಿ ಸಮಾಧಾನ ಮಾಡಬೇಕು.

ಕಾಂಕ್ರೀಟ್ ಕಣ್ಣು

ನಾನು ಸೇತುವೆ, ಅಣೆಕಟ್ಟು ಕಡೆಯವನು. ನಿಮ್ಮ ತ್ಯಾಜ್ಯದ ಬಗ್ಗೆ ಗೊತ್ತಿಲ್ಲ, ಆದರೆ ಕಾಂಕ್ರೀಟ್ ಹೇಗೆ ಸಾಯುತ್ತದೆ ಅಂತ ಗೊತ್ತು. ನನಗೆ ಈ ಚರ್ಚೆಯಲ್ಲಿ ಒಂದು ಕೊರತೆ ಕಾಣುತ್ತಿದೆ. ಎಲ್ಲರೂ ಹೊರಗಿನ ನೀರಿನ ಬಗ್ಗೆ ಮಾತಾಡುತ್ತಿದ್ದೀರಿ. ಸಿಮೆಂಟಿಗೆ ಶತ್ರು ಒಳಗೇ ಇದ್ದರೆ?

ಬೆಲ್ಜಿಯಂ ಕಥೆ ಕೇಳಿರಬಹುದು. ಡೂಲ್ ಅಣು ಸ್ಥಾವರದ ತ್ಯಾಜ್ಯವನ್ನು ಕಾಂಕ್ರೀಟಿನಲ್ಲಿ ಗಟ್ಟಿ ಮಾಡಿ ಡೆಸೆಲ್‌ನಲ್ಲಿ ಸಂಗ್ರಹಿಸಿಟ್ಟಿದ್ದರು. 2013ರಲ್ಲಿ ನೋಡಿದರೆ ಕೆಲವು ಡ್ರಮ್ಮುಗಳಿಂದ ಅಂಟಾದ ಜೆಲ್ ಉಕ್ಕಿ ಬರುತ್ತಿತ್ತು. ನಮಗೆ ಅದು ಹಳೆಯ ಪರಿಚಯದ ಕಾಯಿಲೆ, ಆಲ್ಕಲಿ-ಸಿಲಿಕಾ ರಿಯಾಕ್ಷನ್. ಜಲ್ಲಿ, ಮರಳಿನೊಳಗಿನ ಸಿಲಿಕಾ ಮತ್ತು ಕ್ಷಾರ ಸೇರಿ ಜೆಲ್ ಆಗುತ್ತದೆ, ಅದು ನೀರು ಕುಡಿದು ಉಬ್ಬುತ್ತದೆ. ಸೇತುವೆಯಲ್ಲಿ ಕ್ಷಾರ ಸಿಮೆಂಟಿನಿಂದ ಬರುವುದು. ಇಲ್ಲಿ ತ್ಯಾಜ್ಯವೇ ಕ್ಷಾರವನ್ನು ಹೊತ್ತು ತಂದಿತ್ತು. ಹೊರಗಿನಿಂದ ಯಾರೂ ನೀರು ಹಾಕಿರಲಿಲ್ಲ ನೋಡಿ. 28 ದಿನದ ಒತ್ತಡ ಪರೀಕ್ಷೆಯಲ್ಲಿ ಇದು ಹೇಗೆ ಸಿಕ್ಕೀತು? ಈ ಕಾಯಿಲೆ ಕಾಣಿಸಿಕೊಳ್ಳುವುದಕ್ಕೇ ಎಷ್ಟೋ ಸಲ ವರ್ಷಗಳು ಬೇಕು.

ಸಲ್ಫೇಟ್ ಜಾಸ್ತಿ ಇದ್ದರೆ ಎಟ್ರಿಂಗೈಟ್ ಹರಳು ಬೆಳೆದು ಒಡೆಯುತ್ತದೆ. ಡ್ರಮ್ ಕಾವಲು ಹೇಳಿದ ಬಿಸಿ 70 ಡಿಗ್ರಿ ದಾಟಿದರೆ ಅದೇ ಹರಳು ಆಗ ಸುಮ್ಮನಿದ್ದು, ತಡವಾಗಿ ಬೆಳೆಯುತ್ತದೆ. ಅಲ್ಯೂಮಿನಿಯಂ ಚೂರು ಸೇರಿದ್ದರೆ ಕ್ಷಾರಕ್ಕೆ ಹೈಡ್ರೋಜನ್ ಬಿಡುತ್ತದೆ. ಇವೆಲ್ಲಾ ಒಳಗಿನ ಜಗಳ.

ಸುಮ್ನೆ ಓದುಗ

ಹಾಗಾದರೆ ರೋಮನ್ನರ ಕಟ್ಟಡ ಎರಡು ಸಾವಿರ ವರ್ಷ ನಿಂತಿದೆಯಲ್ಲ? ಅದೇ ಸಾಕ್ಷಿ ಅಲ್ವಾ?

ಕಾಂಕ್ರೀಟ್ ಕಣ್ಣು

ಅದು ಸುಣ್ಣ ಮತ್ತು ಜ್ವಾಲಾಮುಖಿ ಬೂದಿ. ನಮ್ಮದು ಪೋರ್ಟ್‌ಲ್ಯಾಂಡ್ ಸಿಮೆಂಟ್, ರಸಾಯನವೇ ಬೇರೆ. ಮತ್ತೆ ಬಿದ್ದುಹೋದ ರೋಮನ್ ಗೋಡೆಗಳನ್ನು ಯಾರು ಎಣಿಸಿದ್ದಾರೆ? ಉಳಿದದ್ದನ್ನು ಮಾತ್ರ ನಾವು ನೋಡುವುದು.

ಇದಕ್ಕಿಂತ ಹತ್ತಿರದ್ದು ಜೋರ್ಡಾನಿನ ಉತ್ತರದ ಮಕಾರಿನ್. ಅಲ್ಲಿ ನೆಲದೊಳಗಿನ ಸುಣ್ಣಗಲ್ಲಿನಂಥ ಕಲ್ಲು ತಾನೇ ಹೊತ್ತಿ ಉರಿದು ಸಿಮೆಂಟಿನ ಖನಿಜಗಳಾಗಿವೆ. ಅಲ್ಲಿ ಒಸರುವ ನೀರಿನ ಪಿಎಚ್ 12ರ ಮೇಲಿದೆ. ಸಿಮೆಂಟಿನ ನೀರು ಸುತ್ತಲಿನ ಬಂಡೆಗೆ ಏನು ಮಾಡುತ್ತದೆ ಅಂತ ನೋಡಲು ವಿಜ್ಞಾನಿಗಳು ಅಲ್ಲಿಗೆ ಹೋಗುತ್ತಾರೆ.

ನೀರು ಬದಲಿಸುವವ

ಒಳಗಿನ ಶತ್ರುವಿನ ಮಾತು ಒಪ್ಪಿದೆ. ಅದಕ್ಕೇ ಪರೀಕ್ಷೆ ಲೀಚಿಂಗ್ ಒಂದೇ ಅಲ್ಲ ಅಂತ ಮೇಡಂಗೆ ನೆನಪಿಸುತ್ತೇನೆ. ಅಮೆರಿಕದ ಮಾರ್ಗಸೂಚಿಯಲ್ಲಿ ನೀರಲ್ಲಿ ಮುಳುಗಿಸಿಟ್ಟು ಆಮೇಲೆ ಒತ್ತಡ ನೋಡುವುದಿದೆ. ಮೈನಸ್ 40ರಿಂದ 60 ಡಿಗ್ರಿವರೆಗೆ 30 ಸಲ ತಣ್ಣಗೆ ಬಿಸಿ ಮಾಡುವುದಿದೆ. 10 ಕೋಟಿ ರ‍್ಯಾಡ್, ಅಂದರೆ 10 ಲಕ್ಷ ಗ್ರೇ ವಿಕಿರಣ ಕೊಟ್ಟು ನೋಡುವುದಿದೆ. ಡ್ರಮ್ಮಿನಲ್ಲಿ ಬಿಡಿ ನೀರು ಗಾತ್ರದ ನೂರಕ್ಕೆ 0.5ಕ್ಕಿಂತ ಜಾಸ್ತಿ ಇರಬಾರದು. ನನ್ನ ಅನುಭವದಲ್ಲಿ ವಿಕಿರಣಕ್ಕೆ ಸಿಮೆಂಟ್ ಅಷ್ಟಾಗಿ ಹೆದರುವುದಿಲ್ಲ, ಬಿಸಿ-ತಂಪು ಆಟಕ್ಕೆ ಹೆದರುತ್ತದೆ.

ಆದರೆ ಒಂದು ವಿಷಯದಲ್ಲಿ ಲೆಕ್ಕದ ಪುಸ್ತಕ ಸರ್ ಜೊತೆ ಜಗಳ ಇದೆ. ಅವರ ಲೆಕ್ಕವೆಲ್ಲಾ ಡಿಫ್ಯೂಷನ್ ಒಂದನ್ನೇ ನಂಬಿದೆ. ಸಿಮೆಂಟ್ ತಾನೇ ಕರಗುತ್ತಾ ಹೋದರೆ? ಮೊದಲು ಸೋಡಿಯಂ, ಪೊಟ್ಯಾಸಿಯಂ ಹೋಗುತ್ತವೆ. ಆಮೇಲೆ ಸುಣ್ಣ. ಕೊನೆಗೆ ಗಾರೆಯ ಜೀವಾಳವಾದ ಕ್ಯಾಲ್ಸಿಯಂ ಸಿಲಿಕೇಟ್. ರಂಧ್ರ ದೊಡ್ಡದಾಗುತ್ತಾ ಹೋಗುತ್ತದೆ. ನಾಳೆಯ ಇಂಡೆಕ್ಸ್ ಇವತ್ತಿನದಲ್ಲ.

ಲೆಕ್ಕದ ಪುಸ್ತಕ

ಜಗಳ ಏನಿಲ್ಲ, ಒಪ್ಪುತ್ತೇನೆ. ಅದನ್ನು ದತ್ತಾಂಶವೇ ಹೇಳುತ್ತದೆ. ಒಟ್ಟು ಸೋರಿಕೆ ಮತ್ತು ಕಾಲ, ಎರಡರ ಲಾಗರಿದಮ್ ತೆಗೆದು ಗೆರೆ ಎಳೆಯಿರಿ. ಇಳಿಜಾರು 0.5ರ ಆಸುಪಾಸು ಇದ್ದರೆ ಡಿಫ್ಯೂಷನ್. 0.35ಕ್ಕಿಂತ ಕಡಿಮೆ ಇದ್ದರೆ ಮೈ ತೊಳೆದ ನೀರು. 0.65 ದಾಟಿದರೆ ಮಾದರಿಯೇ ಕರಗುತ್ತಿದೆ. ಮೇಡಂ, ಇಂಡೆಕ್ಸ್ ಜೊತೆ ಈ ಅಂಕಿಯನ್ನೂ ಕೊಡಿ. ಇಂಡೆಕ್ಸ್ ಒಂದನ್ನೇ ಕೊಟ್ಟ ಪ್ರಬಂಧ ಓದಿದರೆ ನನಗೆ ಸಿಟ್ಟು ಬರುತ್ತದೆ.

ಹಾಗೇ ಬಿಸಿ ನೀರಿನಲ್ಲೂ ಮಾಡಿ. ಎಎಸ್‌ಟಿಎಂ ಸಿ1308 ಇರುವುದು ಅದಕ್ಕೇ. ಬಿಸಿಯಲ್ಲಿ ಬೇಗ ಬಂದದ್ದೂ, ತಂಪಿನಲ್ಲಿ ನಿಧಾನಕ್ಕೆ ಬಂದದ್ದೂ ಒಂದೇ ಗೆರೆಯ ಮೇಲೆ ಕೂತರೆ, ಒಳಗೆ ನಡೆಯುತ್ತಿರುವುದು ಒಂದೇ ಕೆಲಸ. ಆಗ ಮುಂದಿನ ವರ್ಷಗಳಿಗೆ ಗೆರೆ ಎಳೆಯಲು ಸ್ವಲ್ಪ ಧೈರ್ಯ ಬರುತ್ತದೆ. ಕೂರದಿದ್ದರೆ ಎಳೆಯಬೇಡಿ.

ಇನ್ನೊಂದು, ಪ್ರತಿ ಧಾತುವಿಗೂ ಬೇರೆ ಬೇರೆ ಇಂಡೆಕ್ಸ್. ಸೀಸಿಯಂ ಸಿಮೆಂಟಿನಲ್ಲಿ ಅಷ್ಟಾಗಿ ಅಂಟಿಕೊಳ್ಳುವುದಿಲ್ಲ, ಅದಕ್ಕೇ ನೀವು ಜಿಯೋಲೈಟ್ ಹಾಕಿದ್ದು. ಟೆಕ್ನೀಷಿಯಂ-99ರ ಅರ್ಧಾಯುಷ್ಯ 2 ಲಕ್ಷ ವರ್ಷದ ಮೇಲೆ, ಅದಕ್ಕೆ 300 ವರ್ಷ ಯಾವ ಲೆಕ್ಕ? ಅದಕ್ಕೆ ಸ್ಲ್ಯಾಗ್ ಬೇಕು. ಸ್ಲ್ಯಾಗ್ ಅದನ್ನು ಕರಗದ ರೂಪಕ್ಕೆ ಇಳಿಸುತ್ತದೆ. ಅಮೆರಿಕದ ಸವಾನಾ ರಿವರ್‌ನ ಸಾಲ್ಟ್‌ಸ್ಟೋನ್ ಅನ್ನುವ ತ್ಯಾಜ್ಯದ ಗಾರೆಗೆ ಬಹುಕಾಲ ಬಳಸಿದ ಒಣ ಪುಡಿಯಲ್ಲಿ ನೂರಕ್ಕೆ ಸ್ಲ್ಯಾಗ್ 45, ಫ್ಲೈ ಆಶ್ (ಕಲ್ಲಿದ್ದಲಿನ ಹಾರುಬೂದಿ) 45, ಸಿಮೆಂಟ್ ಬರೀ 10 ಇತ್ತು.

ಡ್ರಮ್ ಕಾವಲು

ನೆಲದಲ್ಲಿ ಹೂತು ನೋಡಿದ್ದೂ ಇದೆ. ತ್ರೀ ಮೈಲ್ ಐಲ್ಯಾಂಡ್ ಅಪಘಾತದ ನೀರು ಶುದ್ಧ ಮಾಡಿದ ರೆಸಿನ್ನುಗಳನ್ನು ಸಿಮೆಂಟಿನಲ್ಲಿ ಗಟ್ಟಿ ಮಾಡಿ, 1985ರಿಂದ ಓಕ್ ರಿಡ್ಜ್ ಮತ್ತು ಆರ್ಗಾನ್ ಪ್ರಯೋಗಾಲಯಗಳಲ್ಲಿ ಮಣ್ಣು ತುಂಬಿದ ತೊಟ್ಟಿಗಳಲ್ಲಿ ಹೂತಿಟ್ಟರು. ಮೇಲೆ ಬಿದ್ದ ಮಳೆ ಕೆಳಗೆ ಇಳಿದು ಬಂದಾಗ ಹಿಡಿದು ಅಳೆದರು, ವರ್ಷಗಟ್ಟಲೆ. ಲೈಸಿಮೀಟರ್ ಅನ್ನುತ್ತಾರೆ. ನಿಧಾನದ ಕೆಲಸ, ನಿಮ್ಮ ಪಿಎಚ್‌ಡಿ ಅವಧಿಗೆ ಆಗುವುದಿಲ್ಲ. ಆದರೆ ನಿಜವಾದ ಮಳೆ, ನಿಜವಾದ ಮಣ್ಣು.

ಹೊಸ ಅಚ್ಚು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೆಕ್ಕದ ಪುಸ್ತಕ ಸರ್, ನಿನ್ನೆ ರಾತ್ರಿ ಕೂತು ಗೆರೆ ಎಳೆದೆ. ಮೊದಲ ಬ್ಯಾಚಿನ ಇಳಿಜಾರು 47ನೇ ದಿನದ ತನಕ 0.48. ಅಲ್ಲಿಂದ ಮುಂದೆ 0.3ರ ಹತ್ತಿರ ಬಿದ್ದಿದೆ. ಆ ಬಿಳಿ ಕೆನೆಯ ಕಾರಣಕ್ಕೇ ಇರಬೇಕು, ಅಲ್ವಾ? ಮುಚ್ಚಳ ಬಿಗಿ ಮಾಡಿ ಮತ್ತೆ ಶುರು ಮಾಡುತ್ತೇನೆ. ನೆನೆಸಿದ ರೆಸಿನ್ ಹಾಕಿ ಮೂರನೇ ಬ್ಯಾಚನ್ನೂ ಎರಕ ಹೊಯ್ಯುತ್ತೇನೆ.

ಎರಡನೇ ಬ್ಯಾಚನ್ನು ಈಗ ಪ್ರಬಂಧದಲ್ಲಿ ಒಂದು ಪೂರ್ತಿ ಅಧ್ಯಾಯ ಮಾಡೋಣ ಅಂತ ಗೈಡ್‌ಗೆ ಹೇಳಿದೆ. ಮುಖ ಸ್ವಲ್ಪ ಸಣ್ಣಗೆ ಮಾಡಿಕೊಂಡರು, ಆದರೆ ಬೇಡ ಅನ್ನಲಿಲ್ಲ.

ನೀರು ಬದಲಿಸುವವ

ಒಳ್ಳೆಯದಾಯಿತು. ಹನ್ನೊಂದನೇ ದಿನದ ನೀರು ಚೆಲ್ಲಿಲ್ಲ ತಾನೆ?

ಹೊಸ ಅಚ್ಚು

ಇಲ್ಲ ಸರ್, ಬಾಟಲಿಯಲ್ಲಿ ಇದೆ. ತಳದಲ್ಲಿ ಸಿಮೆಂಟ್ ಚೂರು, ಏಳೆಂಟು ರೆಸಿನ್ ಮಣಿಗಳೂ ಇವೆ. ಅವುಗಳಲ್ಲಿರುವ ಸೀಸಿಯಂ ಹೊರಗೆ ಬಂದ ಲೆಕ್ಕಕ್ಕೆ ಸೇರುತ್ತದಾ?

ನೀರು ಬದಲಿಸುವವ

ನೀರನ್ನು ಸೋಸಿ ಒಂದು ಸಲ ಅಳೆಯಿರಿ. ಚೂರು, ಮಣಿಗಳನ್ನು ಆಸಿಡ್‌ನಲ್ಲಿ ಹಾಕಿ ಬೇರೆ ಅಳೆಯಿರಿ. ಎರಡನ್ನೂ ಬರೆಯಿರಿ, ಆದರೆ ಒಂದೇ ಕಾಲಂನಲ್ಲಿ ಬೇಡ.